ಇಂಟರ್ವಲ್ ಆದ ಮೇಲೆ

ಕತ್ತರಿ ಎಂದು ಹೆಸರಾದ ಹೆಂಗಸು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಸತ್ತವಳ ತೋಳಿನ ಬಟ್ಟೆಯನ್ನು ಒಳಕ್ಕೆ ಮಡಚುತ್ತಿದ್ದಳು.

"ಇಷ್ಟು ದೊಗಲೆ ಹಾಕಿ ಕಳಿಸೋದಾ ಇವಳನ್ನ? ಜೀವಮಾನ ಇಡೀ ಊರವರ ಬಟ್ಟೆ ಮೈಗೆ ಹೊಂದೋ ಹಾಗೆ ಮಾಡಿಕೊಟ್ಟವಳು," ಎಂದಳು, ಪಿನ್ನುಗಳ ಸಂದಿಯಿಂದಲೇ.

ಸತ್ತವಳ ತಂಗಿ ಮಂಚದ ಈಚೆ ನಿಂತು ನೋಡುತ್ತಿದ್ದಳು. ಆ ನೀಲಿ ಬಟ್ಟೆಯನ್ನು ಬೀರುವಿನಿಂದ ಹುಡುಕಿ ತೆಗೆದವಳು ಅವಳು, ಇಸ್ತ್ರಿ ಮಾಡಿದವಳು ಅವಳು, ಅಕ್ಕನ ತಲೆ ಬಾಚಿ ಬೈತಲೆ ನೇರ ಮಾಡಿದವಳೂ ಅವಳೇ. ಇಷ್ಟೆಲ್ಲ ಆದ ಮೇಲೆ ಬಾಗಿಲು ತಳ್ಳಿಕೊಂಡು ಬಂದ ಈ ಹೆಂಗಸು ಯಾರನ್ನೂ ಒಂದು ಮಾತು ಕೇಳದೆ ಚೀಲದಿಂದ ಸೂಜಿ ದಾರ ತೆಗೆದು ಅಕ್ಕನ ಪಕ್ಕ ಕೂತೇಬಿಟ್ಟಿದ್ದಳು. ಮನೆಯಲ್ಲಿ ಹೆಣ ಇರುವಾಗ ಜಗಳ ಆಡುವಂತಿಲ್ಲ. ಹಾಗಂತ ಹೊಟ್ಟೆ ಉರಿಯುವುದೂ ನಿಲ್ಲುವುದಿಲ್ಲ.

"ಕಾಯಿಲೆಲಿ ಇಳಿದುಹೋಗಿದ್ದಳು. ಅದಕ್ಕೇ ದೊಗಲೆ," ಎಂದಳು ತಂಗಿ.

"ಗೊತ್ತು. ಪಕ್ಕದ ಮೆಷೀನಿನಲ್ಲೇ ಕೂತಿರ್ತಿದ್ದಳಲ್ಲ. ಇಳಿದದ್ದು ಮೊದಲು ಕಂಡಿದ್ದೇ ನನಗೆ."

ಅಕ್ಕ ಕೆಲಸ ಮಾಡುತ್ತಿದ್ದದ್ದು ಬಟ್ಟೆ ಗಿಡ್ಡ ಮಾಡುವ, ಉದ್ದ ಬಿಡುವ, ಹರಿದದ್ದು ಕೂಡಿಸುವ ಅಂಗಡಿಯಲ್ಲಿ. ಅಲ್ಲಿ ಬಟ್ಟೆ ಕತ್ತರಿಸುವವಳು ಇವಳು. ಅಂಗಡಿಯ ಮಾಲೀಕನಿಂದ ಹಿಡಿದು ಟೀ ತರುವವನ ತನಕ ಎಲ್ಲರೂ ಇವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಕೈಯಲ್ಲಿರುವುದಕ್ಕೂ ಬಾಯಲ್ಲಿರುವುದಕ್ಕೂ ಒಂದೇ ಹೆಸರು ಸಾಕಾಗಿತ್ತು. ತಂಗಿಗೆ ಅವಳ ಮುಖದ ಪರಿಚಯ ಅಷ್ಟಕ್ಕಷ್ಟೆ. ಆದರೆ 'ಕತ್ತರಿ ಇವತ್ತು ಹೀಗಂದಳು, ಕತ್ತರಿ ನಿನ್ನೆ ಹಾಗಂದಳು' ಎಂದು ಅಕ್ಕ ಹೇಳುವುದನ್ನು ಕೇಳಿ ಕೇಳಿ ಕಿವಿ ಸೋತಿತ್ತು.

ಅಕ್ಕನ ಮಗ ಬಾಗಿಲಿಗೆ ಒರಗಿ ನಿಂತಿದ್ದ. ಬಸ್ಸು ರಿಪೇರಿ ಮಾಡುವವನು. ಎಷ್ಟು ತಿಕ್ಕಿದರೂ ಹೋಗದ ಗ್ರೀಸು ಅವನ ಉಗುರಿನಲ್ಲಿ ಇತ್ತು. "ಈ ಸಲ ಪ್ರಶಸ್ತಿ ಯಾವ ನಾಟಕಕ್ಕೆ ಅಂತ ನೋಡ್ದೇನೇ ಹೋಗಿಬಿಟ್ರು ಅಮ್ಮ," ಎಂದ. ಏನಾದರೂ ಮಾತಾಡಬೇಕಲ್ಲ ಎಂದು ಆಡಿದ ಮಾತು.

ಆ ಊರಿನಲ್ಲಿ ವರ್ಷಕ್ಕೊಮ್ಮೆ ಸಂಗೀತ ನಾಟಕಗಳಿಗೆ ಪ್ರಶಸ್ತಿ ಕೊಡುತ್ತಿದ್ದರು. ಅದಕ್ಕೆ ಮೊದಲು ಒಂದು ತಿಂಗಳು, ಆಯ್ಕೆಯಾದ ನಾಟಕಗಳೆಲ್ಲ ಒಂದಾದ ಮೇಲೊಂದು ರಂಗಮಂದಿರಕ್ಕೆ ಬರುತ್ತಿದ್ದವು. ಆ ತಿಂಗಳಲ್ಲಿ ಅಕ್ಕನಿಗೆ ಊಟ ನಿದ್ದೆ ಯಾವುದೂ ಬೇಕಿರಲಿಲ್ಲ. ಈ ಸಲ ಮಾತ್ರೆ ನುಂಗಿಕೊಂಡು, ಗೋಡೆ ಹಿಡಿದುಕೊಂಡು ಹೋಗಿ ನೋಡಿದ್ದಳು. ಒಂದೇ ಒಂದು ನಾಟಕ ಉಳಿದಿತ್ತು.

"ಅವಳದ್ದು ಆಗಲೇ ತೀರ್ಮಾನ ಆಗಿತ್ತಪ್ಪ," ಎಂದಳು ಕತ್ತರಿ, ದಾರ ಹಲ್ಲಿನಿಂದ ಕಡಿಯುತ್ತ. "ಗಡಿಯಾರದ ನಾಟಕಕ್ಕೇ ಅಂದಿದ್ದಳು. ಕೊನೇ ಹಾಡಿಗೆ ಅದೇನು ಅಳು. ನನ್ನ ಕರ್ಚೀಫು ಹಿಂಡಿದ್ರೆ ನೀರು ಬರ್ತಿತ್ತು."

ತಂಗಿ ಕೈಯಲ್ಲಿದ್ದ ಬಾಚಣಿಗೆಯನ್ನು ಮಂಚದ ಮೇಲಿಟ್ಟಳು.

"ಕೊನೇ ಹಾಡಿಗಾ?"

"ಹೂಂ. ಆ ಮುದುಕ ಗಡಿಯಾರಕ್ಕೆ ಕೀಲಿ ಕೊಡ್ತಾ ಕೊಡ್ತಾ ಹೋಗಿಬಿಡ್ತಾನಲ್ಲ. ಅಲ್ಲಿ."

ಅಕ್ಕ ಕೊನೇ ಹಾಡು ಕೇಳಿರಲು ಸಾಧ್ಯವೇ ಇರಲಿಲ್ಲ. ಅಕ್ಕ ಯಾವ ನಾಟಕದ ಕೊನೆಯನ್ನೂ ನೋಡಿದವಳಲ್ಲ. ಹಾಗೆಂದು ತಂಗಿ ಈ ಬೆಳಗಿನ ತನಕ ನಂಬಿದ್ದಳು.

*

ನಾಟಕದ ಈ ರೂಢಿ ಶುರುವಾದದ್ದು ಎಷ್ಟೋ ವರ್ಷದ ಹಿಂದೆ, ಅಕ್ಕನ ಮಗಳು ತೀರಿಕೊಂಡಾಗ. ಶಾಲೆಗೆ ಹೋಗುವ ಪುಟ್ಟ ಹುಡುಗಿ. ಜ್ವರ ಎಂದು ಮಲಗಿದವಳು ಏಳಲಿಲ್ಲ. ಅಕ್ಕ ಅಳಲಿಲ್ಲ, ಮಾತಾಡಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಗೋಡೆ ನೋಡಿಕೊಂಡು ಕೂರುತ್ತಿದ್ದಳು. ಗಂಡ ಮೊದಲೇ ದೂರವಾಗಿದ್ದ. ಮಗ ಇನ್ನೂ ಚಿಕ್ಕವನು.

ತಂಗಿಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ಯಾವಾಗಲೂ ಬರುವ ಗಿರಾಕಿಯೊಬ್ಬರು, ತಮಗೆ ಹೋಗಲಾಗುವುದಿಲ್ಲ ಎಂದು ನಾಟಕದ ಟಿಕೆಟ್ಟೊಂದನ್ನು ಅವಳ ಕೈಗಿಟ್ಟರು. ಅಕ್ಕನಿಗೆ ಚಿಕ್ಕಂದಿನಿಂದ ಹಾಡಿನ ಹುಚ್ಚು. ತಂಗಿ ಓಡಿಹೋಗಿ ಕೊಟ್ಟಳು.

"ಒಬ್ಬಳೇ ಹೋಗಲ್ಲ," ಎಂದಳು ಅಕ್ಕ.

"ಒಂದೇ ಇರೋದು ಕಣೆ."

"ಹಾಗಾದ್ರೆ ಅರ್ಧ ನೀನು ನೋಡು, ಅರ್ಧ ನಾನು ನೋಡ್ತೀನಿ."

ತಮಾಷೆಗೆ ಅಂದದ್ದೋ, ತಪ್ಪಿಸಿಕೊಳ್ಳಲು ಅಂದದ್ದೋ. ತಂಗಿ ಅದನ್ನೇ ಗಟ್ಟಿ ಹಿಡಿದಳು. ಅವಳ ಪಾಳಿ ಮುಗಿಯುವ ಹೊತ್ತಿಗೆ ಸರಿಯಾಗಿ ಇಂಟರ್ವಲ್ಲು. ಆಗ ಜನ ಗಾಳಿಗೆಂದು ಹೊರಗೆ ಬರುತ್ತಾರೆ, ಹರಿದ ಟಿಕೆಟ್ಟು ತೋರಿಸಿ ಮತ್ತೆ ಒಳಗೆ ಹೋಗುತ್ತಾರೆ. ಬಾಗಿಲಲ್ಲಿ ನಿಲ್ಲುವವನು ಟಿಕೆಟ್ಟು ನೋಡುತ್ತಾನೆಯೇ ಹೊರತು ಮುಖ ನೋಡುವುದಿಲ್ಲ. ಮೊದಲರ್ಧ ಅಕ್ಕ, ಎರಡನೇ ಅರ್ಧ ತಂಗಿ. ರಂಗಮಂದಿರದ ಪಕ್ಕದ ಓಣಿಯಲ್ಲಿ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಕಲ್ಲುಬೆಂಚು. ಮೇಲುಗಡೆ ಪಾರಿವಾಳ ಕೂರುವ ಕಿಂಡಿ. ತಂಗಿ ಓಡೋಡುತ್ತ ಬಂದಾಗ ಅಕ್ಕ ಆ ಬೆಂಚಿನ ಮುಂದೆ ನಿಂತಿದ್ದಳು. ಮೊದಲರ್ಧದ ಕತೆಯನ್ನು ಗಡಿಬಿಡಿಯಲ್ಲಿ ಕಿವಿಗೆ ಹಾಕಿ, ಟಿಕೆಟ್ಟು ಕೈಗಿಟ್ಟು, "ಹೋಗು ಮರಿ, ಗಂಟೆ ಹೊಡೀತು," ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಸ್ವಲ್ಪ ಬಣ್ಣ ಇತ್ತು.

ಅಂಬಿಗನೊಬ್ಬನ ನಾಟಕ ಅದು. ಅವನ ಪುಟ್ಟ ಮಗಳು ದೋಣಿಯಲ್ಲಿ ಕೂತು ಊರಿಗೆಲ್ಲ ಹಾಡು ಕಲಿಸುತ್ತಾಳೆ. ಎರಡನೇ ಅರ್ಧದಲ್ಲಿ ಆ ಮಗು ನೀರುಪಾಲಾಗುತ್ತದೆ. ತಾಯಿ ದಡದಲ್ಲಿ ಕೂತು ಮಗಳ ಹಾಡನ್ನೇ ಹಾಡುತ್ತಾಳೆ.

ತಂಗಿ ಕತ್ತಲಲ್ಲಿ ಕೂತು ಬೆವೆತುಬಿಟ್ಟಳು. ಯಾರಿಗೆ ತಂದು ಯಾವ ನಾಟಕದ ಟಿಕೆಟ್ಟು ಕೊಟ್ಟೆ ಎಂದು ತನ್ನನ್ನೇ ಶಪಿಸಿಕೊಂಡಳು. ಹೊರಗೆ ಬಂದಾಗ ಅಕ್ಕ ಬೆಂಚಿನ ಮೇಲೆ ಕೈ ಕಟ್ಟಿ ಕೂತಿದ್ದಳು. ಕಣ್ಣು ಕೆಂಪಗಿತ್ತು. ಓಣಿಯ ಗಾಳಿಗಿರಬೇಕು ಅಂದುಕೊಂಡಳು ತಂಗಿ.

"ಏನಾಯ್ತು?" ಎಂದಳು ಅಕ್ಕ.

"ಮಗು ನೀರಿಗೆ ಬಿತ್ತು."

"ಆಮೇಲೆ?"

ತಂಗಿ ಅಕ್ಕನ ಮುಖ ನೋಡಿದಳು. "ಸಿಕ್ಕಳು," ಎಂದಳು. "ಆಚೆ ದಡದಲ್ಲಿ ಯಾರೋ ಎತ್ಕೊಂಡು ಒಲೆ ಮುಂದೆ ಕೂರಿಸಿದ್ರಂತೆ. ಮಾರನೇ ದಿನ ಮೈ ಒಣಗಿಸ್ಕೊಂಡು ಬಂದ್ಳು."

"ಆಮೇಲೆ?"

"ಆಮೇಲೇನು, ಅವರಮ್ಮ ಎರಡು ಬೈದು, ಊಟಕ್ಕಿಟ್ಟಳು."

ಅಕ್ಕ ಜರುಗಿ ಬೆಂಚಿನ ಮೇಲೆ ಜಾಗ ಮಾಡಿದಳು. "ಒಳ್ಳೇದಾಯ್ತು ಬಿಡು," ಎಂದಳು. ಅವತ್ತು ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಉಂಡಳು.

ಅಲ್ಲಿಂದ ಪ್ರತಿವರ್ಷ, ಪ್ರಶಸ್ತಿಯ ತಿಂಗಳಲ್ಲಿ, ಒಂದೇ ಟಿಕೆಟ್ಟು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೂ ಒಂದೇ. ಎರಡು ತೆಗೆದರೆ ಹೇಳುವುದಕ್ಕೆ ಏನು ಉಳಿಯುತ್ತದೆ ಎನ್ನುತ್ತಿದ್ದಳು ಅಕ್ಕ. ತಂಗಿ ಹೇಳುವ ಎರಡನೇ ಅರ್ಧದಲ್ಲಿ ಯಾರೂ ಸಾಯುತ್ತಿರಲಿಲ್ಲ. ನೇಣಿಗೆ ಹೋದವನು ಹಗ್ಗ ಕಡಿದು ಬರುತ್ತಿದ್ದ, ಬಿಟ್ಟುಹೋದವಳು ಮರುದಿನದ ಬಸ್ಸಿಗೆ ವಾಪಸು ಬರುತ್ತಿದ್ದಳು. ಗಂಡನಿಗೂ ಹೇಳದ ಗುಟ್ಟು ಅದು. ಲೋಕದಲ್ಲಿ ತಂಗಿಯದೇ ಎನ್ನುವ ಒಂದು ವಸ್ತು ಇದ್ದರೆ ಅದು ಆ ಬೆಂಚು, ಮತ್ತು ಅಲ್ಲಿಂದ ಮನೆಗೆ ನಡೆಯುವ ದಾರಿ.

*

ಮಣ್ಣಿಗೆ ಸಾಗುವಾಗ ಕತ್ತರಿ ಎಲ್ಲರಿಗಿಂತ ಮುಂದೆ ಇದ್ದಳು. ತಂಗಿ ಹೆಜ್ಜೆ ಜೋರು ಮಾಡಿದರೆ ಅವಳೂ ಜೋರು ಮಾಡಿದಳು. ಇಬ್ಬರು ನಡುವಯಸ್ಸು ದಾಟಿದ ಹೆಂಗಸರು ಸ್ಮಶಾನದ ದಾರಿಯಲ್ಲಿ ಪಂದ್ಯ ಕಟ್ಟಿದ ಹಾಗೆ ನಡೆಯುವುದನ್ನು ನೋಡಿ ತಂಗಿಯ ಗಂಡ ಹಿಂದಿನಿಂದ ಬಂದು ಮೊಣಕೈ ಹಿಡಿದ.

"ಏನೇ ಅದು? ನಿಧಾನಕ್ಕೆ ಹೋಗು. ಅವಳೇನು ಎಲ್ಲಿಗೂ ಓಡಿಹೋಗಲ್ಲ."

"ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ."

ಗುಂಡಿಯ ಹತ್ತಿರ ಕತ್ತರಿ ಗಟ್ಟಿಯಾಗಿ ಅತ್ತಳು. ತಂಗಿಗೆ ಅಳು ಬರಲೇ ಇಲ್ಲ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಕತ್ತರಿಯ ಬೆನ್ನು ಸವರಿ, "ಸಮಾಧಾನ ಮಾಡ್ಕೊಳಮ್ಮ. ತಂಗಿ ಅಲ್ವಾ ನೀನು? ನೋಡಿದ ತಕ್ಷಣ ಗೊತ್ತಾಯ್ತು, ಅಕ್ಕನ ಮೂಗೇ," ಎಂದರು.

ಕತ್ತರಿ ಇಲ್ಲ ಎನ್ನಲಿಲ್ಲ. ಅಳುತ್ತಿದ್ದವಳಿಗೆ ಕೇಳಿಸಿತೋ ಇಲ್ಲವೋ. ತಂಗಿಗೆ ಮಾತ್ರ ಅಂಗಾಲಿನಿಂದ ನೆತ್ತಿಯ ತನಕ ಉರಿಯಿತು. ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡಳು. ಅಕ್ಕನ ಮೂಗು ಯಾರಿಗಾದರೂ ಬಂದಿದ್ದರೆ ತನಗೇ ಬಂದಿತ್ತು, ಈ ಅಜ್ಜಿಯ ಕಣ್ಣಿಗೆ ಏನು ಬಂದಿದೆಯೋ. ಒಂದು ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕುವಾಗಲೂ ಅವಳ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅಕ್ಕ ಇವಳ ಜೊತೆ ಯಾವಾಗ ಹೋದಳು?

ಮನೆಗೆ ಬಂದವರಿಗೆಲ್ಲ ಟೀ ಆಯಿತು. ಲೋಟ ತೊಳೆಯಲು ತಂಗಿ ಅಡಿಗೆಮನೆಗೆ ಹೋದರೆ ಕತ್ತರಿ ಆಗಲೇ ತೋಳು ಮಡಚಿ ನಲ್ಲಿಯ ಮುಂದೆ ನಿಂತಿದ್ದಳು. ತಂಗಿ ಬಾಗಿಲು ಮುಂದಕ್ಕೆ ಮಾಡಿದಳು.

"ನೀವು ಅವಳ ಜೊತೆ ನಾಟಕಕ್ಕೆ ಹೋಗ್ತಿದ್ರಾ?"

"ಹೋಗ್ತಿದ್ದೆ. ಯಾಕೆ?"

"ಪೂರ್ತಿ ನೋಡ್ತಿದ್ರಾ?"

"ಇನ್ನೇನು ಅರ್ಧ ನೋಡ್ತಾರಾ? ನಾಟಕದವರ ಬಟ್ಟೆ ರಿಪೇರಿಗೆ ನಮ್ಮಂಗಡಿಗೇ ಬರತ್ತೆ. ಅವರು ಮಧ್ಯಾಹ್ನದ ಆಟಕ್ಕೆ ಎರಡು ಪಾಸು ಕಳಿಸ್ತಾರೆ. ಒಂದು ನನಗೆ, ಒಂದು ಅವಳಿಗೆ. ಎಷ್ಟೋ ವರ್ಷದಿಂದ." ಕತ್ತರಿ ಲೋಟವನ್ನು ಬೋರಲು ಹಾಕಿದಳು. "ಆದ್ರೆ ಯಾವಾಗಲೂ ನಿಮ್ಮದಾದ ಮೇಲೆ. ಮೊದಲು ತಂಗಿ ಜೊತೆ ಆಗಲಿ, ಆಮೇಲೆ ನಿನ್ನ ಜೊತೆ ಅಂತಿದ್ದಳು. ಎಂಜಲು ತಟ್ಟೆ ನನಗೆ."

ಬೇರೆ ಯಾವತ್ತಾದರೂ ಆಗಿದ್ದರೆ ಆ ಕೊನೆಯ ಮಾತು ತಂಗಿಗೆ ತಣ್ಣಗೆ ಹಿತವಾಗಿರುತ್ತಿತ್ತು. ಈಗ ಅದು ಕಿವಿಗೇ ಬೀಳಲಿಲ್ಲ. ತಾನು ಹಗ್ಗ ಕಡಿದು ಬದುಕಿಸಿದವರೆಲ್ಲ ಮಧ್ಯಾಹ್ನದ ಆಟದಲ್ಲಿ ಅಕ್ಕನ ಕಣ್ಣೆದುರೇ ಮತ್ತೆ ಸತ್ತಿದ್ದರು. ಅದಾದ ಮೇಲೂ ಅಕ್ಕ ಮುಂದಿನ ನಾಟಕಕ್ಕೆ ಬಂದು, ಬೆಂಚಿನ ಮೇಲೆ ಕೂತು, ಏನೂ ಅರಿಯದವಳ ಹಾಗೆ 'ಆಮೇಲೆ?' ಎಂದು ಕೇಳಿದ್ದಳು.

"ನನ್ನ ಬಗ್ಗೆ ಏನಂತಿದ್ದಳು?"

"ಅದನ್ನ ಕೇಳಬೇಡ." ಕತ್ತರಿ 'ನೀವು' ಬಿಟ್ಟು 'ನೀನು'ಗೆ ಇಳಿದಿದ್ದಳು. "ನಾಟಕ ಮುಗಿಯತ್ತೆ, ಎಲ್ಲರೂ ಎದ್ದು ಹೋಗ್ತಾರೆ. ಇವಳು ಮಾತ್ರ ಏಳಲ್ಲ. ಕಣ್ಣು ಒರೆಸ್ಕೊಂಡು, ನನ್ನ ತಂಗಿ ಹೇಳಿದ್ದು ಬೇರೆ, ಅನ್ನೋದು. ಪ್ರತಿ ಸಲ. ಪಕ್ಕದಲ್ಲಿ ಕೂತು ನೋಡಿದವಳು ನಾನು, ಕರ್ಚೀಫು ಕೊಟ್ಟವಳು ನಾನು, ಹೆಸರು ಮಾತ್ರ ನಿನ್ನದು. ಒಂದು ನಾಟಕಾನಾದ್ರೂ ನೆಟ್ಟಗೆ ನನ್ನ ಜೊತೆ ನೋಡಿದ್ಲಾ ಅವಳು?"

"ಇಬ್ಬರೂ ಸೇರಿ ನಗ್ತಿದ್ರಾ?"

"ನಾನು ನಗ್ತಿದ್ದೆ. ನಿನ್ನ ತಂಗಿಗೆ ಕಣ್ಣು ಕಾಣಲ್ವಾ, ಇಲ್ಲ ಸುಳ್ಳು ಬುರುಕಿಯಾ, ಅಂತ. ಅವಳು ನಗ್ತಿರಲಿಲ್ಲ."

"ಮತ್ತೆ ನಿನ್ನ ಜೊತೆ ಯಾಕೆ ಬರ್ತಿದ್ದಳು?"

"ಪರೀಕ್ಷೆ ಮಾಡೋಕೆ," ಎಂದಳು ಕತ್ತರಿ. "ಇನ್ನೇನಕ್ಕೆ? ನೀನು ಹೇಳಿದ್ದು ನಿಜಾನಾ ಅಂತ ನೋಡೋಕೆ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ. ಅಕ್ಕ ತನ್ನನ್ನು ನಂಬಲಿಲ್ಲ, ಬೆನ್ನ ಹಿಂದೆ ಹೋಗಿ ತಾಳೆ ನೋಡಿದಳು, ಅದೂ ಈ ಹೆಂಗಸನ್ನು ಸಾಕ್ಷಿಗೆ ಇಟ್ಟುಕೊಂಡು. ಇದಕ್ಕಿಂತ ಅಕ್ಕ ಎರಡು ಬೈದಿದ್ದರೆ ಚೆನ್ನಾಗಿತ್ತು.

"ಆ ಬೆಂಚಿನ ಮೇಲೆ ಕೂತವಳ ಮುಖ ನೀನು ನೋಡಿಲ್ಲ," ಎಂದಳು ತಂಗಿ. "ನೋಡಿದ್ರೆ ನೀನೂ ಅದೇ ಸುಳ್ಳು ಹೇಳ್ತಿದ್ದೆ."

"ನನ್ನ ಬಾಯಲ್ಲಿ ಸುಳ್ಳು ಬರಲ್ಲಮ್ಮ. ಗಿಡ್ಡ ಆದ್ರೆ ಗಿಡ್ಡ ಅಂತೀನಿ. ಗಿರಾಕಿ ಅತ್ರೂ ಅಷ್ಟೇ."

*

ಒಂದು ವರ್ಷ ಹೀಗಾಗಿತ್ತು. ಪ್ರಶಸ್ತಿ ಕೊಡುವ ಸಂಜೆ ಅಕ್ಕನ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂತಿದ್ದರು. ಅಕ್ಕ ಮೊದಲರ್ಧ ನೋಡಿದ ಧೈರ್ಯದ ಮೇಲೆ ಒಂದು ನಾಟಕ ಹಿಡಿದಿದ್ದಳು, ತಂಗಿ ಎರಡನೇ ಅರ್ಧದ ಧೈರ್ಯದ ಮೇಲೆ ಇನ್ನೊಂದು. ಸೋತವರು ಟೀ ಮಾಡಬೇಕು.

ತಂಗಿ ಹಿಡಿದ ನಾಟಕವೇ ಗೆದ್ದಿತು. ಗೆದ್ದ ನಾಟಕದ ತುಣುಕು ತೋರಿಸುತ್ತೇವೆ ಎಂದರು. ತೋರಿಸಿದ್ದು ಕೊನೆಯ ದೃಶ್ಯ. ಯಾವ ನಾಯಕನಿಗೆ ತಂಗಿ ಮದುವೆ ಮಾಡಿಸಿ, ಮನೆ ಕಟ್ಟಿಸಿ, ಬಾಗಿಲಿಗೆ ಹಸಿರು ಬಣ್ಣ ಬಳಿಸಿದ್ದಳೋ, ಅವನು ಗುಂಡು ತಿಂದು ಮೆಟ್ಟಿಲ ಮೇಲೆ ಬಿದ್ದಿದ್ದ.

ತಂಗಿ ಧಡಕ್ಕನೆ ಎದ್ದು ಟೀವಿಗೆ ಅಡ್ಡ ನಿಂತಳು. "ಇದು ಕನಸು," ಎಂದಳು. "ಆ ಹುಡುಗಿಗೆ ಬೀಳೋ ಕೆಟ್ಟ ಕನಸು. ಆಮೇಲೆ ಎಚ್ಚರ ಆಗತ್ತೆ."

"ಚಿಕ್ಕಮ್ಮ, ಅವನ ಮೇಲೆ ಬಟ್ಟೆ ಹೊದಿಸ್ತಿದ್ದಾರೆ," ಎಂದ ಅಕ್ಕನ ಮಗ.

"ಕನಸಲ್ಲಿ ಹೊದಿಸಬಾರದಾ?"

"ಹೌದು ಕಣೋ," ಎಂದಳು ಅಕ್ಕ ಮಗನಿಗೆ. "ಕನಸಲ್ಲಿ ಏನು ಬೇಕಾದ್ರೂ ಆಗತ್ತೆ. ಸುಮ್ಮನೆ ನೋಡು." ಎಂದವಳು ಎದ್ದು ಟೀ ಮಾಡಲು ಹೋದಳು. ಅವತ್ತು ತಂಗಿಯ ಟೀಗೆ ಒಂದು ಚಮಚ ಸಕ್ಕರೆ ಹೆಚ್ಚೇ ಬಿದ್ದಿತ್ತು.

*

ಬಂದವರು ಒಬ್ಬೊಬ್ಬರಾಗಿ ಹೊರಟರು. ಅಕ್ಕನ ಮಗ ಅಮ್ಮನ ಕೈಚೀಲ ತಂದು ಮೇಜಿನ ಮೇಲೆ ಸುರಿದ. ಕನ್ನಡಕ, ಮಾತ್ರೆಯ ಪಟ್ಟಿ, ಅಳತೆಯ ಟೇಪು, ಒಂದು ಟಿಕೆಟ್ಟು.

"ಇವತ್ತಿನ ಸಂಜೆದು ಚಿಕ್ಕಮ್ಮ. ಆ ಬ್ರೆಡ್ಡಿನ ಅಂಗಡಿಯವಳ ನಾಟಕ."

ಉಳಿದಿದ್ದ ಕೊನೆಯ ನಾಟಕ ಅದು. ಕತ್ತರಿ ಚೀಲ ಹೆಗಲಿಗೆ ಹಾಕಿ ಹೊರಡಲು ನಿಂತಿದ್ದವಳು, ಬಗ್ಗಿ ನೋಡಿದಳು. ಮುಖ ಸಪ್ಪಗಾಯಿತು.

"ಒಂದೇ ಇದೆ. ಹಾಗಾದ್ರೆ ನಿನ್ನದು," ಎಂದಳು. "ನಂದಾದ್ರೆ ಎರಡು ಇರ್ತಿತ್ತು."

ಅವಳ ಮುಖ ಸಪ್ಪಗಾದದ್ದನ್ನು ಕಂಡು ತಂಗಿಗೆ ಆ ದಿನದ ಮೊದಲ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಆಯಿತು. ಅದರ ಬೆನ್ನಿಗೇ ಇನ್ನೂ ಒಂದು ಆಸೆ ಹುಟ್ಟಿತು. ಪೂರ್ತಿ ಪೂರ್ತಿ ನೋಡಿದವಳು ಒಂದು ಸಲ ಅರ್ಧದ ರುಚಿ ನೋಡಲಿ.

"ನೀನೂ ಬಾ," ಎಂದಳು. "ಮೊದಲರ್ಧ ನಾನು ನೋಡ್ತೀನಿ. ಇಂಟರ್ವಲ್ ಆದ ಮೇಲೆ ನೀನು."

"ಮಣ್ಣು ಮಾಡಿ ಬಂದ ದಿನವೇ ನಾಟಕಾನಾ?" ಎಂದ ತಂಗಿಯ ಗಂಡ. "ಜನ ಏನಂತಾರೆ?"

"ಟಿಕೆಟ್ಟು ಅವಳದ್ದು ರೀ. ನಾವು ಹೋಗಿ ನೋಡಿ ಬರ್ತೀವಿ ಅಷ್ಟೇ. ಕೇಳಿದವರಿಗೆ ಔಷಧಿ ತರೋಕೆ ಹೋಗಿದ್ದಾಳೆ ಅನ್ನಿ. ನನ್ನ ವಿಷಯದಲ್ಲಿ ಎಲ್ಲರೂ ನಂಬ್ತಾರೆ."

ಕತ್ತರಿ ಚಪ್ಪಲಿ ಮೆಟ್ಟಿಕೊಂಡಳು.

*

ತೆರೆ ಮೇಲೇಳುವುದನ್ನು ತಂಗಿ ಇಷ್ಟು ವರ್ಷದಲ್ಲಿ ನೋಡಿದ್ದೇ ಇಲ್ಲ. ದೀಪಗಳು ಒಂದೊಂದಾಗಿ ಆರಿದವು, ವಾದ್ಯದವರು ಶ್ರುತಿ ಕೂಡಿಸಿದರು, ಮುಂದಿನ ಸಾಲಿನವನು ಕೆಮ್ಮಿ ಮುಗಿಸಿದ. ತೆರೆ ಎದ್ದರೆ ಬೆಳಗಿನ ಜಾವದ ಒಂದು ಬೀದಿ. ಬ್ರೆಡ್ಡಿನ ಅಂಗಡಿಯವಳು ಒಲೆ ಹಚ್ಚುತ್ತ ಹಾಡಿದಳು. ಹಡಗಿಗೆ ಹೋದ ಗಂಡ ವಾಸನೆ ಹಿಡಿದಾದರೂ ಮನೆಗೆ ಬರಲಿ, ಅದಕ್ಕೇ ಒಲೆ ಆರಲು ಬಿಡುವುದಿಲ್ಲ ಎಂದು ಕುಣಿಕುಣಿದು ಹಾಡಿದಳು. ಹಿಟ್ಟು ಹಾರಿತು. ಬೀದಿಯವರೆಲ್ಲ ಸೇರಿ ಅವಳನ್ನು ಗೇಲಿ ಮಾಡಿದರು. ತಂಗಿ, ಬೆಳಿಗ್ಗೆ ಅಕ್ಕನಿಗೆ ಮಣ್ಣು ಹಾಕಿ ಬಂದವಳು, ಬಾಯಿ ಮುಚ್ಚಿಕೊಂಡು ನಕ್ಕಳು.

ನಗುವಾಗಲೇ ಅವಳಿಗೆ ಹೊಳೆಯಿತು. ಮೊದಲರ್ಧದಲ್ಲಿ ಯಾರೂ ಸಾಯುವುದಿಲ್ಲ. ಹೂವು, ಹಾಡು, ಗೇಲಿ, ಪ್ರೀತಿ ಎಲ್ಲ ಇಂಟರ್ವಲ್ಲಿಗೆ ಮೊದಲೇ ಮುಗಿಯುತ್ತವೆ. ಇಷ್ಟು ವರ್ಷ ನಗು ಪೂರ್ತಿ ಅಕ್ಕನ ಪಾಲಿಗೆ, ಹೆಣ ಹೊರುವ ಕೆಲಸ ತನ್ನ ಪಾಲಿಗೆ. ಸತ್ತವಳ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು. ಅಕ್ಕನಿಗೆ ಆ ನಗು ಬೇಕಿತ್ತು, ತಾನೇ ಹಾಗೆ ಏರ್ಪಾಡು ಮಾಡಿದ್ದು ಎಂದು ಎಷ್ಟು ಹೇಳಿಕೊಂಡರೂ ಆ ಕಿಚ್ಚು ಆರಲಿಲ್ಲ.

ಇಂಟರ್ವಲ್ಲಿನ ಗಂಟೆಗೆ ಹೊರಗೆ ಬಂದಳು. ಕತ್ತರಿ ಓಣಿಯ ತುದಿಯಲ್ಲಿದ್ದ ಟೀ ಅಂಗಡಿಯಲ್ಲಿ ಕೂತಿದ್ದವಳು ಎದ್ದು ಬಂದಳು. ತಂಗಿ ನಾಲ್ಕು ಮಾತಿನಲ್ಲಿ ಮೊದಲರ್ಧ ಹೇಳಿದಳು. ಅಕ್ಕ ಹೇಳುತ್ತಿದ್ದ ಹಾಗೆ ಬರಲಿಲ್ಲ.

"ಅಷ್ಟೇನಾ?" ಎಂದಳು ಕತ್ತರಿ.

"ಅಷ್ಟೇ. ಗಂಟೆ ಹೊಡೀತು, ಹೋಗು. ಏನಾಗತ್ತೆ ಅಂತ ಸರಿಯಾಗಿ ನೋಡ್ಕೊಂಡು ಬಾ. ಸುಳ್ಳು ಹೇಳಬೇಡ."

"ನಾನು ಹೇಳೋಳಲ್ಲ ಅಂದ್ನಲ್ಲ."

ಬಾಗಿಲಲ್ಲಿ ನಿಲ್ಲುವವನಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಕತ್ತರಿಯ ಕೈಯ ಟಿಕೆಟ್ಟು ನೋಡಿದ. ಆಮೇಲೆ ಮುಖ ನೋಡಿದ, ಆಮೇಲೆ ಓಣಿಯ ಬೆಂಚಿನ ಕಡೆ ನೋಡಿದ. ಒಳಗೆ ಬಿಟ್ಟ.

ತಂಗಿ ಬೆಂಚಿನ ಮೇಲೆ ಕೂತಳು. ಅಕ್ಕ ಕೂರುತ್ತಿದ್ದ ತುದಿಯಲ್ಲೇ. ಕಲ್ಲು ತಣ್ಣಗಿತ್ತು. ಜನ ಒಳಗೆ ಹೋದ ಮೇಲೆ ಓಣಿ ಖಾಲಿಯಾಯಿತು. ಇಲ್ಲಿ ಇಷ್ಟು ಹೊತ್ತು ಅಕ್ಕ ಏನು ಮಾಡುತ್ತಿದ್ದಳು, ಬೇಜಾರಾಗುತ್ತಿರಲಿಲ್ಲವೇ ಎಂದು ಮೊದಲ ಬಾರಿ ಯೋಚನೆ ಬಂತು. ಇಷ್ಟು ವರ್ಷ ಅದನ್ನು ಕೇಳಲೇ ಇಲ್ಲವಲ್ಲ ಎಂದು ಅನ್ನಿಸುವಷ್ಟರಲ್ಲಿ ತಲೆಯ ಮೇಲೆ ಯಾರೋ ಹಾಡಿದರು.

ತಂಗಿ ಬೆಚ್ಚಿ ಕತ್ತೆತ್ತಿದಳು. ಕಿಂಡಿಯಲ್ಲಿ ಪಾರಿವಾಳ ಕಣ್ಣು ಮುಚ್ಚಿ ಕೂತಿತ್ತು. ಅದರ ಹಿಂದಿನ ಕತ್ತಲಿನಿಂದ ಬ್ರೆಡ್ಡಿನ ಅಂಗಡಿಯವಳ ಧ್ವನಿ ಬರುತ್ತಿತ್ತು. ಗೋಡೆಯ ಆಚೆಯೇ ರಂಗ ಇರಬೇಕು. ಒಳಗೆ ಹಿಂದಿನ ಸಾಲಿನಲ್ಲಿ ಕೂತವರಿಗೂ ಇಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಹಾಡಿನ ಒಂದೊಂದು ಮಾತೂ, ನಡುವೆ ಎಳೆದುಕೊಂಡ ಉಸಿರೂ, ಹಲಗೆಯ ಮೇಲೆ ಇಟ್ಟ ಹೆಜ್ಜೆಯೂ ನೇರ ಬೆಂಚಿಗೇ ಇಳಿಯುತ್ತಿದ್ದವು. ಹಡಗು ಮುಳುಗಿದ ಸುದ್ದಿ ಬಂತು. ಬೀದಿಯವರು ಒಬ್ಬೊಬ್ಬರಾಗಿ ಬಂದು ಒಲೆ ಆರಿಸು ಎಂದು ಕೇಳಿಕೊಂಡರು. ಅವಳು ಆಗುವುದಿಲ್ಲ ಎಂದಳು.

ಓಡೋಡಿ ಇಂಟರ್ವಲ್ಲಿಗೆ ಬಂದು ಸೇರುತ್ತಿದ್ದವಳು, ನಾಟಕ ಮುಗಿದ ಮೇಲೆ ಮಾತ್ರ ಹೊರಬರುತ್ತಿದ್ದವಳು, ತಂಗಿ ಈ ಬೆಂಚಿನ ಮೇಲೆ ನಾಟಕ ನಡೆಯುವಾಗ ಒಂದು ಸಲವೂ ಕೂತಿರಲಿಲ್ಲ.

ಹಾಗಾದರೆ ಅಂಬಿಗನ ಮಗಳ ಹಾಡು? ದಡದಲ್ಲಿ ಕೂತ ತಾಯಿ ಹಾಡಿದ್ದು? ಆ ಮೊದಲ ವರ್ಷವೇ, ಕತ್ತರಿಯ ಪಾಸುಗಳು ಇಲ್ಲದಿದ್ದ ಕಾಲದಲ್ಲೇ, ಅದು ಪೂರ್ತಿ ಈ ಬೆಂಚಿಗೆ ಇಳಿದಿತ್ತು. ಕಣ್ಣು ಕೆಂಪಾಗಿದ್ದದ್ದು ಗಾಳಿಗಲ್ಲ. ಎಲ್ಲ ಕೇಳಿಸಿಕೊಂಡು ಮುಗಿಸಿ, ಅಕ್ಕ ಕೈ ಕಟ್ಟಿ ಕೂತು, ತಂಗಿ ಬರುವುದನ್ನು ಕಾದಿದ್ದಳು. ಬಂದವಳ ಮುಖ ನೋಡಿ 'ಆಮೇಲೆ?' ಎಂದಿದ್ದಳು. ಪರೀಕ್ಷೆ ಮಾಡಲು ಅವಳಿಗೆ ಯಾರ ಪಾಸೂ ಬೇಕಿರಲಿಲ್ಲ.

ತಂಗಿಗೆ ಅಳು ಬಂತು. ಬೆಳಗಿನಿಂದ ಎಲ್ಲಿ ಸಿಕ್ಕಿಕೊಂಡಿತ್ತೋ, ಈಗ ತಡೆಯಿಲ್ಲದೆ ಬಂತು. ಕರ್ಚೀಫು ಇರಲಿಲ್ಲ. ತೋಳಿನಿಂದ ಒರೆಸಿಕೊಂಡಳು.

ಮೇಲೆ, ಮೊದಲರ್ಧದಲ್ಲಿ ಕುಣಿದು ಹಾಡಿದ ಹಾಡನ್ನೇ ಅಂಗಡಿಯವಳು ಮತ್ತೆ ಎತ್ತಿದಳು. ವಾದ್ಯ ಒಂದೂ ಇರಲಿಲ್ಲ, ಬರೀ ಧ್ವನಿ, ನಿಧಾನವಾಗಿ. ಹಾಡು ಅರ್ಧಕ್ಕೆ ನಿಂತಿತು. ತಂಗಿ ಕಾದಳು. ಉಳಿದ ಅರ್ಧ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಳಗೆ ಯಾರೋ ಒಬ್ಬರು ಚಪ್ಪಾಳೆ ಶುರುಮಾಡಿದರು.

ಬಾಗಿಲು ತೆರೆಯಿತು. ಜನ ಮಾತಿಲ್ಲದೆ ಹೊರಗೆ ಬಂದು ಚದುರಿದರು. ಕತ್ತರಿ ಎಲ್ಲರಿಗಿಂತ ಹಿಂದೆ ಬಂದಳು. ಕರ್ಚೀಫನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಬೆಂಚಿನ ಮುಂದೆ ನಿಂತು ತಂಗಿಯ ಮುಖ ನೋಡಿದಳು.

"ಏನಾಯ್ತು?" ಎಂದಳು ತಂಗಿ.

ಕತ್ತರಿ ಗಂಟಲು ಸರಿಮಾಡಿಕೊಂಡಳು. "ಬಂದ," ಎಂದಳು. "ಗಂಡ ಬಂದ. ಹಡಗು ತಡ ಆಗಿತ್ತಂತೆ, ಅಷ್ಟೇ. ಬೆಳಿಗ್ಗೆ ವಾಸನೆ ಹಿಡ್ಕೊಂಡು ನೇರ ಅಂಗಡಿಗೇ ಬಂದ."

ತಂಗಿ ಜರುಗಿ ಬೆಂಚಿನ ಮೇಲೆ ಜಾಗ ಮಾಡಿದಳು.

"ಆಮೇಲೆ?" ಎಂದಳು.